ಗೋಧಿತೆನೆ ಹೊಲಿಗೆ

ಮಸ್ತೂರಾಳ ಮದುವೆ ಮುರಿದದ್ದು ನನ್ನ ಕಚೇರಿಯಲ್ಲಿ. ದಹಾನಸಂಗ್ ಹಳ್ಳಿಯಲ್ಲಿ ಆಗ ಕೆಲಸ ಮಾಡುತ್ತಿದ್ದ ದೂರವಾಣಿ ಒಂದೇ. ಅದು ಶಾಲೆಯ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿತ್ತು; ಆ ಮುಖ್ಯೋಪಾಧ್ಯಾಯಿನಿ, ಊರವರ ಬಾಯಲ್ಲಿ ಮುಅಲ್ಲಿಮಾ, ನಾನು. ರಷ್ಯಾಕ್ಕೆ ದುಡಿಯಲು ಹೋದ ಗಂಡಸರು ಶುಕ್ರವಾರ ಮಧ್ಯಾಹ್ನ ಕರೆ ಮಾಡುತ್ತಿದ್ದರು. ಹೆಂಗಸರು ಹೊರಗೆ ಮೊಗಸಾಲೆಯಲ್ಲಿ ಸಾಲಾಗಿ ಕುಳಿತು ಕಾಯುತ್ತಿದ್ದರು. ಆ ಶುಕ್ರವಾರ ಕುರ್ಬಾನ್‌ನ ದನಿ ಕೇಳಿ ನಾನೇ ರಿಸೀವರನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ. ಲೈನು ಕೆಟ್ಟಿದ್ದರಿಂದ ಅವನು ಕೂಗಿ ಮಾತಾಡುತ್ತಿದ್ದ. ಹೀಗಾಗಿ ಅವನು ಮೂರು ಸಲ ಹೇಳಿದ ತಲಾಖನ್ನು ಬಾಗಿಲ ಬಳಿಯಿದ್ದ ಏಳು ಹೆಂಗಸರೂ ಕೇಳಿಸಿಕೊಂಡರು.

"ಇನ್ನೊಂದ್ಸಲ ಹೇಳಿ, ಕೇಳಿಸ್ಲಿಲ್ಲ" ಎಂದಳು ಮಸ್ತೂರಾ. ಅವಳಿಗೆ ಕೇಳಿಸಿತ್ತು. ಅವನು ಇನ್ನೊಮ್ಮೆ ಕೂಗಿದ.

ಆಮೇಲೆ ರಿಸೀವರು ಇಟ್ಟು ನನ್ನನ್ನು ಕೇಳಿದಳು: "ಮುಅಲ್ಲಿಮಾ, ನಾಲ್ಕನೇ ಸಲ ಹೇಳಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಮೂರಕ್ಕೇ ಮುಗೀತು."

"ಹಾಗಾದ್ರೆ ನಾಲ್ಕನೇದಕ್ಕೆ ಆದ ಫೋನಿನ ಖರ್ಚು ಅವನಿಗೇ ದಂಡ."

ಹೊರಗಿದ್ದ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಮಸ್ತೂರಾ ಅಳಲಿಲ್ಲ. ಅಳುವುದಕ್ಕೆ ಅವಳಿಗೆ ಕಾರಣ ಸಿಕ್ಕಿದ್ದು ಮೂರು ವಾರಗಳ ನಂತರ, ಮತ್ತು ಅದು ಗಂಡನ ವಿಷಯವಾಗಿರಲಿಲ್ಲ.

ಮಸ್ತೂರಾ ನನ್ನ ಹಳೆಯ ವಿದ್ಯಾರ್ಥಿನಿ. ಓದಿನಲ್ಲಿ ಸಾಧಾರಣ. ಆದರೆ ಸುತ್ತಲಿನ ಹನ್ನೊಂದು ಹಳ್ಳಿಗಳಲ್ಲಿ ಅವಳಂತೆ ರಜಾಯಿ ಹೊಲಿಯುವವರು ಇರಲಿಲ್ಲ. ನಮ್ಮ ಕಡೆ ಮದುವೆ ಹೆಣ್ಣಿನ ತೂಕವನ್ನು ಅಳೆಯುವುದು ಅವಳ ಪೆಟ್ಟಿಗೆಯ ಮೇಲೆ ಪೇರಿಸಿದ ರಜಾಯಿಗಳಿಂದ. ಬೀಗರ ಮನೆಯವರು ಒಳಗೆ ಬಂದೊಡನೆ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಚಾವಣಿ ಮುಟ್ಟಿದರೆ ಸರಿ. ಎದೆಯ ಮಟ್ಟಕ್ಕೆ ನಿಂತರೆ ಆ ಹುಡುಗಿ ಜೀವಮಾನವಿಡೀ ಮಾತು ಕೇಳಬೇಕು. ಮಸ್ತೂರಾ ಎರಡು ತೆಳು ಕೋಲುಗಳಿಂದ ಅರಳೆ ಬಡಿದರೆ ಅದು ಹಾಲಿನ ನೊರೆಯಂತೆ ಏಳುತ್ತಿತ್ತು. ಒಂದು ರಜಾಯಿಗೆ ಐದು ಕಿಲೋ ಅರಳೆ. ಅವಳಿಗೆ ತಕ್ಕಡಿ ಬೇಕಿರಲಿಲ್ಲ, ತೋಳು ಸಾಕು. ಕೊನೆಗೆ ರಜಾಯಿಯ ಬಾಯಿ ಮುಚ್ಚುವಾಗ ಅವಳು ಹಾಕುತ್ತಿದ್ದ ಹೊಲಿಗೆಯೇ ಅವಳ ಸಹಿ. ಎಳೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಾಗಿ, ನಡುವೆ ಹಿಂದಕ್ಕೆ ಮರಳಿ, ಮಾಗಿದ ಗೋಧಿಯ ತೆನೆಯಂತೆ ಕಾಣುತ್ತಿತ್ತು. ಗಂಟು ಎಲ್ಲಿದೆಯೆಂದು ಯಾರಿಗೂ ಸಿಗುತ್ತಿರಲಿಲ್ಲ. ಅದನ್ನು ಗೋಧಿತೆನೆ ಎಂದೇ ಕರೆಯುತ್ತಿದ್ದರು.

ಈಗ ಆ ಅಳುವಿನ ವಿಷಯ. ಮದುವೆಯ ರಜಾಯಿಗೆ ಮೊದಲ ಹೊಲಿಗೆ ಹಾಕುವ ಹಕ್ಕು ಎಲ್ಲರಿಗೂ ಇಲ್ಲ. ಗಂಡ ಬದುಕಿದ್ದು ಜೊತೆಗಿರಬೇಕು, ಮಕ್ಕಳಿರಬೇಕು, ಅದು ಮೊದಲ ಮದುವೆಯೇ ಆಗಿರಬೇಕು. ಅಂಥವಳು ದಬ್ಬಣ ಊರಿದರೆ ಅವಳ ಭಾಗ್ಯ ಹೊಸ ಹೆಣ್ಣಿಗೆ ಅಂಟುತ್ತದೆ ಎಂಬ ನಂಬಿಕೆ. ಮಸ್ತೂರಾಗೆ ಮಕ್ಕಳಿರಲಿಲ್ಲ. ಆದರೂ ಅವಳ ಕೈಗುಣಕ್ಕಾಗಿ ಹಳ್ಳಿ ಹದಿಮೂರು ವರ್ಷ ಆ ಕೊರತೆಯನ್ನು ಕಾಣದಂತೆ ನಡೆದುಕೊಂಡಿತ್ತು. ಗಂಡನೂ ಹೋದ ಮೇಲೆ ಕಾಣದಿರುವುದು ಕಷ್ಟವಾಯಿತು. ಜೇನುಗಾರನ ಮನೆಯ ಮದುವೆಗೆ ಮೊದಲ ಹೊಲಿಗೆ ಹಾಕಲು ಕರೆ ಬಂತು. ಕರೆ ಬಂದದ್ದು ಅವಳ ಓರಗಿತ್ತಿಗೆ.

ತಲಾಖಿನ ಮೇಲೂ ಮಸ್ತೂರಾ ಗಂಡನ ಮನೆಯಲ್ಲೇ ಉಳಿದಿದ್ದಳು. ಓರಗಿತ್ತಿ ಬುನಫ್ಶಾ ಅದೇ ಅಂಗಳದ ಆಚೆ ಬದಿಯ ಎರಡು ಕೋಣೆಗಳಲ್ಲಿದ್ದಳು. ಕುರ್ಬಾನ್‌ನ ತಮ್ಮ ಸಂಗಿನ್‌ನ ಹೆಂಡತಿ. ಅಂತಃಕಲಹದ ವರ್ಷಗಳಲ್ಲಿ ಕಾಲಿಗೆ ಗುಂಡು ಬಿದ್ದು ಕುಂಟಾದ ಸಂಗಿನ್ ರಷ್ಯಾಕ್ಕೆ ಹೋಗುವಂತಿರಲಿಲ್ಲ, ಆದ್ದರಿಂದ ಮನೆಯಲ್ಲೇ ಇದ್ದ. ಅವನ ಕುಂಟು ಕಾಲೇ ಬುನಫ್ಶಾಳ ಭಾಗ್ಯವಾಯಿತು. ಮೂರು ಮಕ್ಕಳು, ದುಂಡು ಮುಖ, ಯಾವಾಗಲೂ ನಗು. ಅಪಾ, ಅಂದರೆ ಅಕ್ಕ, ಎಂದು ಅವಳು ಕರೆಯುತ್ತಿದ್ದ ಮಸ್ತೂರಾಳೇ ಅವಳಿಗೆ ದಬ್ಬಣ ಹಿಡಿಯುವುದನ್ನು ಕಲಿಸಿದವಳು. ಚೆನ್ನಾಗಿ ಕಲಿಯಲಿಲ್ಲ. ಅವಳ ಎಳೆ ಒಂದು ಉದ್ದ ಒಂದು ಗಿಡ್ಡ.

ಜೇನುಗಾರನ ಮನೆಯಿಂದ ಬುನಫ್ಶಾ ಒಂದು ತಟ್ಟೆ ಹಲ್ವಾ, ಹೊಸ ತಲೆವಸ್ತ್ರ ಹಿಡಿದು ಬಂದಳು. ಹಿಂದೆಯೇ ಕೈಗಾಡಿಯಲ್ಲಿ ಹತ್ತು ರಜಾಯಿಗಳ ಬಟ್ಟೆ, ಅರಳೆ.

"ಅಪಾ, ಮೊದಲ ಹೊಲಿಗೆ ನಾನು ಹಾಕಿಬಂದೆ. ಉಳಿದದ್ದು ನೀನು ಮಾಡಿಬಿಡ್ತೀಯಾ? ನನ್ನ ಕೈ ನಿಂಗೊತ್ತಲ್ಲ."

"ಗೊತ್ತು" ಎಂದಳು ಮಸ್ತೂರಾ. "ಕೋಳಿ ನಡೆದ ಹಾಗಿರುತ್ತೆ."

"ಕೋಳಿ ಮೊಟ್ಟೆನೂ ಇಡುತ್ತೆ ಅಪಾ" ಎಂದು ಬುನಫ್ಶಾ ನಕ್ಕಳು. ಅವಳು ಯೋಚಿಸಿ ಆಡಿದ ಮಾತಲ್ಲ ಅದು. ಯೋಚಿಸಿ ಆಡಿದ್ದರೆ ಮಸ್ತೂರಾ ಜಗಳವಾಡಿ ಮರೆಯುತ್ತಿದ್ದಳು.

ಅಂದು ಅರಳೆ ಬಡಿಯುವ ನೆಪದಲ್ಲಿ ಅವಳು ಅತ್ತಳಂತೆ. ಅರಳೆಯ ದೂಳಿನಲ್ಲಿ ಎಲ್ಲರ ಕಣ್ಣೂ ನೀರಾಡುತ್ತದೆ, ಯಾರೂ ಕೇಳುವುದಿಲ್ಲ.

ಅಲ್ಲಿಂದ ಮುಂದೆ ಅದೇ ಏರ್ಪಾಡು ನಡೆಯಿತು. ಜನರ ಮುಂದೆ ಬುನಫ್ಶಾಳ ಒಂದು ಹೊಲಿಗೆ, ಮನೆಯ ಅಂಗಳದಲ್ಲಿ ಮಸ್ತೂರಾಳ ಸಾವಿರ ಹೊಲಿಗೆ. ಹಳ್ಳಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆದರೆ ಹೊರ ಹಳ್ಳಿಗಳಿಂದ ಬಂದವರು "ರಜಾಯಿ ಬುನಫ್ಶಾಳ ಮನೆ ಯಾವುದು?" ಎಂದು ಕೇಳತೊಡಗಿದರು. ಬಾಗಿಲು ತೆರೆದು "ಒಳಗಿದ್ದಾಳೆ" ಎಂದು ಹೇಳಬೇಕಾದವಳು ಮಸ್ತೂರಾ. ಬೆಳಿಗ್ಗೆ ಸಂಗಿನ್ ಕುಂಟುತ್ತ ಹೆಂಡತಿಗೆ ಬಾವಿಯಿಂದ ನೀರು ಹೊತ್ತು ತರುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. ಎರಡು ಬಿಂದಿಗೆಯಲ್ಲಿ ಒಂದನ್ನು ಅವನು ಮಸ್ತೂರಾಳ ಬಾಗಿಲಿಗೂ ಇಡುತ್ತಿದ್ದ. ಅದನ್ನು ಸಹಿಸುವುದು ಅವಳಿಗೆ ಇನ್ನೂ ಕಷ್ಟವಾಗಿತ್ತು.

ಇಬ್ಬರಿಗೂ ಅತ್ತೆಯಾದ ಮುದುಕಿ ಗಮನಿಸಿದಳು. "ನಿನ್ನ ಹೊಟ್ಟೇಲಿ ಒಲೆ ಉರೀತಾ ಇದೆ ಕಣೇ" ಎಂದಳು. "ಸೌದೆ ಬೆಲೆ ಏರಿದೆ, ಒಂದಿಷ್ಟು ರೊಟ್ಟಿನಾದ್ರೂ ಸುಟ್ಕೋ."

ಇಂಥ ಹೊತ್ತಿನಲ್ಲಿ ಖೋಲ್‌ನಜರ್ ಬಂದ.

ನಮ್ಮದು ಚಿಕ್ಕ ದೇಶ. ಗಸಗಸೆ ಬೆಳೆಯುವುದು ಪಂಜ್ ನದಿಯ ಆಚೆ ದಡದಲ್ಲಿ. ಅದರಿಂದಾದ ಅಮಲು ಪುಡಿ ಮಾರಾಟವಾಗುವುದು ಉತ್ತರದ ದೊಡ್ಡ ನಗರಗಳಲ್ಲಿ. ನಮ್ಮ ಪಾಲಿಗೆ ಬಂದದ್ದು ನಡುವಿನ ದಾರಿ. ಬೆಳೆದವನೂ ನಮ್ಮವನಲ್ಲ, ತಿಂದು ಸಾಯುವವನೂ ಹೆಚ್ಚಾಗಿ ನಮ್ಮವನಲ್ಲ. ಹೊರುವ ಬೆನ್ನು ಮಾತ್ರ ನಮ್ಮದು. ಗಂಡಸರೆಲ್ಲ ರಷ್ಯಾದಲ್ಲಿ ಇಟ್ಟಿಗೆ ಹೊರುತ್ತಿದ್ದಾಗ ಇಲ್ಲಿ ಉಳಿದ ಬೆನ್ನುಗಳು ಹೆಂಗಸರವು. ಬಿಳಿ ಪುಡಿಯನ್ನು ನಮ್ಮ ಹಳ್ಳಿಯಲ್ಲಿ 'ಹಿಟ್ಟು' ಎನ್ನುತ್ತಿದ್ದರು. ರಾತ್ರೋರಾತ್ರಿ ಯಾರ ಮನೆಯ ಗೋಡೆ ಎತ್ತರವಾದರೂ "ಅವರ ಮನೇಲಿ ಹಿಟ್ಟು ಚೆನ್ನಾಗಿ ನಾದ್ತಾರೆ" ಎಂದು ಹೇಳಿ ಚಹಾ ಕುಡಿಯುತ್ತಿದ್ದರು. ಖೋಲ್‌ನಜರನ ಗೋಡೆ ಹಳ್ಳಿಯಲ್ಲೇ ಎತ್ತರದ್ದು.

ಅವನು ಬಂದು ಅಂಗಳದ ಜಗಲಿಯಲ್ಲಿ ಕುಳಿತು, ರೊಟ್ಟಿ ಮುರಿದು, ದೂರದ ನೆಂಟರ ಹುಡುಗಿಯನ್ನು ಮಾಸ್ಕೋದಲ್ಲಿರುವ ನಮ್ಮವರಿಗೇ ಕೊಟ್ಟಿದೆ ಎಂದ. ಆರು ರಜಾಯಿ ಬೇಕು. ರೈಲಿನಲ್ಲಿ ತಲುಪಿಸಿ ಬರಲು ಒಬ್ಬ ಮರ್ಯಾದಸ್ಥ ಹೆಂಗಸೂ ಬೇಕು.

"ಬಾಯಿ ಮಾತ್ರ ಹೊಲೀಬೇಡ ತಂಗಿ. ಹತ್ತಿಬೀಜ, ಸಕ್ಕರೆ ಶುಭಕ್ಕೆ ಅಂತ ಒಳಗಿಟ್ಟು ನಮ್ಮನೆ ಹೆಂಗಸರೇ ಮುಚ್ತಾರೆ. ಹೆಣ್ಣಿನ ಕಡೆಯೋರ ಆಸೆ."

ಅವನು ತಂಗಿ ಎಂದದ್ದು ಬುನಫ್ಶಾಳನ್ನು. ಚಹಾ ಬಗ್ಗಿಸುತ್ತಿದ್ದವಳು ಮಸ್ತೂರಾ.

"ರಜಾಯಿ ಹೊಲಿಯೋಳು ನಾನು, ಖೋಲ್‌ನಜರ್ ಅಣ್ಣ" ಎಂದಳು ಅವಳು. "ಹೋಗೋದಾದ್ರೆ ನಾನೇ ಹೋಗ್ಬೋದು. ನಂಗೆ ಹಿಂದೆ ಮುಂದೆ ಯಾರಿಲ್ಲ."

ಅವನು ಬಟ್ಟಲು ನೋಡುತ್ತ ಹೇಳಿದ: "ಮದುವೆ ಕೆಲಸ ಅಲ್ವಾ. ಗಂಡ ಇರೋಳು ಹೋದ್ರೆ ಶುಭ."

ಹಿಟ್ಟು ಸಾಗಿಸುವವನಿಗೂ ಶುಭಾಶುಭದ ಲೆಕ್ಕ ಇತ್ತೋ, ಅಥವಾ ಮನೆಯಲ್ಲಿ ಮಕ್ಕಳಿರುವವಳು ಸಿಕ್ಕಿಬಿದ್ದರೂ ಬಾಯಿ ಬಿಡುವುದಿಲ್ಲ ಎಂಬ ಲೆಕ್ಕವೋ ನನಗೆ ತಿಳಿಯದು. ಎರಡನೆಯದೇ ಇರಬೇಕು. ಅವನು ದಡ್ಡನಲ್ಲ, ಅವನನ್ನೂ ಓದಿಸಿದವಳು ನಾನು.

ಬುನಫ್ಶಾ ಹೋಗಿ ಮೂರು ವಾರದಲ್ಲಿ ಬಂದಳು. ಮೇಲಿನ ಸಾಲಿನಲ್ಲಿ ಎರಡು ಚಿನ್ನದ ಹಲ್ಲು. ತುಪ್ಪಳದ ಕೊರಳುಪಟ್ಟಿಯ ಕೋಟು. ಮಕ್ಕಳಿಗೆ ಬೂಟು. ಸಂಗಿನ್‌ಗೆ ಬೆಳ್ಳಿ ಹಿಡಿಯ ಊರುಗೋಲು. ಮಸ್ತೂರಾಗೆ ಒಂದು ಪೊಟ್ಟಣ ಸೂಜಿ.

"ಜರ್ಮನಿಯದಂತೆ ಅಪಾ. ನಿಂಗೇ ಅಂತ ಹುಡುಕಿ ತಂದೆ."

"ನಿನ್ನ ಹಲ್ಲು ಎಲ್ಲೀದು?"

"ಇದು ನಮ್ಮ ಪೇಟೆ ಕುಲೋಬ್‌ನಲ್ಲೇ ಹಾಕಿಸ್ಕೊಂಡೆ." ಬುನಫ್ಶಾ ಕೈ ಅಡ್ಡ ಹಿಡಿಯದೆ ಅಗಲವಾಗಿ ನಕ್ಕಳು. ಚಿನ್ನದ ಹಲ್ಲಿರುವ ಹೆಂಗಸು ಬಾಯಿ ಮುಚ್ಚಿ ನಗುವುದಿಲ್ಲ.

ಮಸ್ತೂರಾ ಆ ಸೂಜಿಗಳಲ್ಲಿ ಒಂದನ್ನೂ ಬಳಸಲಿಲ್ಲ. ಎಸೆಯಲೂ ಇಲ್ಲ. ಒಳ್ಳೆಯ ಸೂಜಿಗಳಾಗಿದ್ದವು.

ಆ ಚಳಿಗಾಲ ಅವಳು ಪ್ರತಿ ದಿನ ಆ ಎರಡು ಹಲ್ಲುಗಳನ್ನು ನೋಡಿದಳು. ರೊಟ್ಟಿ ಸುಡುವ ಒಲೆಯ ಬಳಿ, ಮಕ್ಕಳನ್ನು ಗದರುವಾಗ, ಬಟ್ಟೆ ಹಿಂಡುವಾಗ. ಹೆಂಗಸರು ಚಹಾಕ್ಕೆ ಸೇರಿದರೆ ಬುನಫ್ಶಾಳನ್ನು ಮೇಲಿನ ಜಾಗದಲ್ಲಿ, ಬಾಗಿಲಿಗೆ ದೂರವಾಗಿ ಕೂರಿಸುತ್ತಿದ್ದರು. ಮಸ್ತೂರಾಳ ಜಾಗ ಬಾಗಿಲಿನತ್ತ ಸರಿಯುತ್ತ ಸರಿಯುತ್ತ ಚಪ್ಪಲಿಗಳ ಪಕ್ಕಕ್ಕೆ ಬಂತು. ಒಮ್ಮೆ ನನ್ನೊಡನೆ ಹೇಳಿದಳು: "ನನ್ನ ಕೈಯಿಂದ ಆಗಿದ್ದೆಲ್ಲ ಅವಳ ಬಾಯಲ್ಲಿ ಹೊಳೀತಾ ಇದೆ ಮುಅಲ್ಲಿಮಾ."

"ಹಾಗಾದರೆ ಹೊಲಿಯುವುದನ್ನು ನಿಲ್ಲಿಸು" ಎಂದೆ.

"ನಿಲ್ಲಿಸಿದ್ರೆ ನಂಗೇನು ಉಳಿಯುತ್ತೆ?"



ವಸಂತದಲ್ಲಿ ಖೋಲ್‌ನಜರ್ ಎರಡನೆಯ ಸಲ ಬಂದ. ಈ ಬಾರಿ ಎಂಟು ರಜಾಯಿ. ಮಸ್ತೂರಾ ಇಪ್ಪತ್ತು ದಿನ ಹೊಲಿದು ಒಂದು ತುದಿ ತೆರೆದೇ ಬಿಟ್ಟು ಕಳಿಸಿದಳು. ಗುರುವಾರ ಅವು ಬಾಯಿ ಮುಚ್ಚಿಕೊಂಡು ಮರಳಿ ಬಂದವು. ಶನಿವಾರದ ರೈಲು. ಶುಕ್ರವಾರ ಗಿರಣಿಯವನ ಮನೆಯಲ್ಲಿ ರಜಾಯಿಯ ಸಡಗರವಿತ್ತು. ಮೊದಲ ಹೊಲಿಗೆ ಹಾಕಲು ಬುನಫ್ಶಾ ಹೋದಳು. ಅತ್ತೆ, ಮಕ್ಕಳು, ಸಂಗಿನ್ ಎಲ್ಲರೂ ಊಟಕ್ಕೆ ಹೋದರು. ಮಸ್ತೂರಾ ತಲೆನೋವು ಎಂದಳು.

ಹಾಡುಹಗಲು, ಅಂಗಳದಲ್ಲಿ ಹಿಪ್ಪುನೇರಳೆ ಮರದ ನೆರಳು. ರಜಾಯಿಗಳನ್ನು ಯಾರೋ ಅಡ್ಡಾದಿಡ್ಡಿ ಎಸೆದು ಹೋಗಿದ್ದರು. ನೀಟಾಗಿ ಪೇರಿಸೋಣವೆಂದು ಅವಳು ಒಂದನ್ನು ಎತ್ತಿದಳು. ತೋಳು ಹೇಳಿತು: ಐದು ಕಿಲೋ ಅಲ್ಲ. ಇನ್ನೊಂದನ್ನು ಎತ್ತಿದಳು. ಅದೂ ಅಲ್ಲ. ಭಾರವೆಲ್ಲ ಮುಚ್ಚಿದ ತುದಿಯ ಕಡೆ. ಹಿಡಿ ಹತ್ತಿಬೀಜ, ನಾಲ್ಕು ಸಕ್ಕರೆ ಉಂಡೆ ಇಷ್ಟು ತೂಗುವುದಿಲ್ಲ.

ಈ ಮಾತು ಅವಳೇ ನನಗೆ ಆಮೇಲೆ ಹೇಳಿದ್ದು: ಅವಳಿಗೆ ಆಗ ಮೊದಲು ಹೊಳೆದದ್ದು ಹಿಟ್ಟಲ್ಲ. ಬುನಫ್ಶಾಳಿಗೆ ಉಡುಗೊರೆ ಎಂದು ಅವಳು ತಿಳಿದಳು. ಖೋಲ್‌ನಜರನ ಹೆಂಗಸರು ತನ್ನ ಓರಗಿತ್ತಿಗೆ ಒಳಗೆ ಬಳೆಯನ್ನೋ ಚಿನ್ನವನ್ನೋ ಅಡಗಿಸಿ ಕೊಟ್ಟಿದ್ದಾರೆ ಎಂದು. ಇಡೀ ಹಳ್ಳಿಯಲ್ಲಿ ಯಾರಿಗೂ ಬರದ ಯೋಚನೆ ಅವಳಿಗೊಬ್ಬಳಿಗೆ ಬಂತು. ಹೊಟ್ಟೆಕಿಚ್ಚು ಮನುಷ್ಯರನ್ನು ದಡ್ಡರನ್ನಾಗಿ ಮಾಡುವ ಬಗೆ ಇದು.

ಬಾಯಿ ಮುಚ್ಚಿದ್ದ ಹೊಲಿಗೆ ನೋಡಿದಳು. ದಪ್ಪ ದಾರ, ಬೆರಳುದ್ದದ ಎಳೆಗಳು. "ಕತ್ತೆ ಹಲ್ಲು" ಎಂದು ಗಟ್ಟಿಯಾಗಿ ಅಂದಳು. ಕತ್ತರಿ ತಂದು ಬಿಚ್ಚಿದಳು.

ಅರಳೆಯ ನಡುವೆ ಅಂಗೈ ಅಗಲದ ಚಪ್ಪಟೆ ಪೊಟ್ಟಣಗಳು. ಪ್ಲಾಸ್ಟಿಕ್ ಸುತ್ತಿ ಹಳದಿ ಟೇಪು ಅಂಟಿಸಿದ್ದವು. ನದಿ ದಡದ ಯಾವ ಮಗುವಿಗೂ ಅದೇನೆಂದು ಗೊತ್ತು. ಮಸ್ತೂರಾ ಅಲ್ಲೇ ಕುಳಿತಳು. ಎಷ್ಟು ಹೊತ್ತೆಂದು ಅವಳಿಗೆ ನೆನಪಿಲ್ಲ. ನೆರಳು ಮರದ ಬುಡದಿಂದ ಬಾವಿಕಟ್ಟೆಗೆ ಹೋಗಿತ್ತಂತೆ. ಎರಡು ದಾರಿ ಇದ್ದವು. ಸಂಜೆ ಬುನಫ್ಶಾಳಿಗೆ ಹೇಳುವುದು. ಇಲ್ಲವೇ ಹೇಳದಿರುವುದು. ಹೇಳಿದರೆ ಬುನಫ್ಶಾ ಹೋಗದೆ ಮನೆಯಲ್ಲೇ ಉಳಿದು, ಗಂಡ ಮಕ್ಕಳ ನಡುವೆ, ಊರಿನ ಮೊದಲ ಹೊಲಿಗೆ ಹಾಕುತ್ತ ಇನ್ನು ಮೂವತ್ತು ವರ್ಷ ಬಾಳುತ್ತಾಳೆ.

ಹೇಗೂ ಮೊದಲು ರಜಾಯಿಯ ಬಾಯಿ ಮುಚ್ಚಬೇಕಿತ್ತು. ಬಿಚ್ಚಿದ್ದು ಗೊತ್ತಾಗಬಾರದೆಂದರೆ ಕತ್ತೆ ಹಲ್ಲಿನ ಹಾಗೆಯೇ ಹೊಲಿಯಬೇಕು. ದಪ್ಪ ದಾರ ಪೋಣಿಸಿ ಶುರು ಮಾಡಿದಳು. ಆಗಲಿಲ್ಲ. ಎರಡು ಸಲ ಬಿಚ್ಚಿ ಮತ್ತೆ ಹಾಕಿದಳು. ಹದಿನೆಂಟು ವರ್ಷ ಪಳಗಿದ ಕೈ, ಕೆಟ್ಟದಾಗಿ ಹೊಲಿಯಲು ಬಗ್ಗಲಿಲ್ಲ. ಎಳೆ ತಾನಾಗಿ ಸಣ್ಣದಾಯಿತು, ತಾನಾಗಿ ಬಾಗಿತು. ಮೂರನೆಯ ಸಲ ಅವಳು ಬಿಟ್ಟುಕೊಟ್ಟು ಗೋಧಿತೆನೆಯನ್ನೇ ಹಾಕಿದಳು. ಹಾಕಿ ಮುಗಿಸಿ ನೋಡಿದರೆ, ಆ ಒಂದರ ಪಕ್ಕದಲ್ಲಿ ಉಳಿದ ಏಳು ಅವಮಾನದಂತೆ ಕಂಡವು. ಅವನ್ನೂ ಬಿಚ್ಚಿದಳು. ಎಲ್ಲರೂ ಮರಳಿ ಬರುವ ಹೊತ್ತಿಗೆ ಎಂಟು ರಜಾಯಿಗಳೂ ಗೋಧಿತೆನೆಯಿಂದ ಬಾಯಿ ಮುಚ್ಚಿಕೊಂಡು, ಅಂಚಿಗೆ ಅಂಚು ಕೂಡಿಸಿ ಗೋಡೆಗೆ ಒರಗಿದ್ದವು.

ಬುನಫ್ಶಾ ಒಳಗೆ ಬಂದು ಕೋಟು ಬಿಚ್ಚಿದಳು.

"ಅಯ್ಯೋ, ತಲೆನೋವಲ್ಲೂ ಪೇರಿಸಿಟ್ಟಿದೀಯಲ್ಲ ಅಪಾ."

ಮಸ್ತೂರಾ ಕಾದಳು. ಹೊಲಿಗೆ ಬದಲಾದದ್ದು ಬುನಫ್ಶಾಳ ಕಣ್ಣಿಗೆ ಬೀಳಬಹುದೆಂದು ಕಾದಳು. ಬಿದ್ದಿದ್ದರೆ ಮಾತು ಹೊರಬರುತ್ತಿತ್ತು, ಅದರ ಹಿಂದೆ ಉಳಿದ ಮಾತೂ ಬರುತ್ತಿತ್ತು. ಬುನಫ್ಶಾಳಿಗೆ ಕಾಣಲಿಲ್ಲ. ಅವಳಿಗೆ ಹೊಲಿಗೆಗೂ ಹೊಲಿಗೆಗೂ ವ್ಯತ್ಯಾಸ ಯಾವತ್ತೂ ಕಂಡಿರಲಿಲ್ಲ.

"ಗಿರಣಿಯೋರ ಮನೇಲಿ ಓಶ್ ಪಲಾವ್ ಚೆನ್ನಾಗಿತ್ತು, ನಿಂಗೂ ಕಟ್ಟಿಸ್ಕೊಂಡು ಬಂದಿದೀನಿ. ಈ ಸಲ ನಿಂಗೆ ಶಾಲು ತರ್ತೀನಿ. ನಾನು ಕೆಳಗಿನ ಎರಡು ಹಲ್ಲೂ ಹಾಕಿಸ್ಕೊಳ್ತೀನಿ. ಮೇಲಿದ್ದು ಕೆಳಗಿಲ್ದಿದ್ರೆ ಬಾಗಿಲಿದ್ದು ಹೊಸಲಿಲ್ದ ಹಾಗಂತೆ. ಅಲ್ವಾ?"

"ಹಾಕಿಸ್ಕೋ" ಎಂದಳು ಮಸ್ತೂರಾ.

ಅಷ್ಟೇ. ಹೇಳಬೇಕಾಗಿದ್ದ ಮಾತಿನ ಜಾಗದಲ್ಲಿ ಅದೊಂದು ಪದ.

ಶನಿವಾರ ಬುನಫ್ಶಾ ಹೊರಟಳು. ರೈಲು ಹತ್ತುವ ಮೊದಲೇ ಕುಲೋಬ್ ನಿಲ್ದಾಣದಲ್ಲಿ ಹಿಡಿದರು. ಹಿಂದಿನ ವಾರವಷ್ಟೇ ಅದೇ ರಸ್ತೆಯಲ್ಲಿ ಮೂರು ಲಾರಿಗಳು ಯಾರೂ ಕೈ ಅಡ್ಡ ಹಿಡಿಯದೆ ಹೋದವೆಂದು ಹಳ್ಳಿಯವರು ಹೇಳಿಕೊಂಡರು. ನಾನು ಕಂಡಿಲ್ಲ. ರಜಾಯಿ ಹೊತ್ತ ಹೆಂಗಸು ಸಿಕ್ಕಿದ್ದನ್ನು ಕಂಡೆ.

ಸೋಮವಾರ ಬೆಳಿಗ್ಗೆ ಅವಳನ್ನೂ ಎಂಟು ರಜಾಯಿಗಳನ್ನೂ ಜೀಪಿನಲ್ಲಿ ಹಾಕಿಕೊಂಡು ಅಧಿಕಾರಿಯೊಬ್ಬ ಬಂದ. ವಯಸ್ಸು ಮೂವತ್ತಿರಬಹುದು, ನಗರದ ಮಾತು, ಸಭ್ಯ. ನನ್ನನ್ನು ಸಾಕ್ಷಿಯಾಗಿ ಕರೆಸಿದ. ಅಂಗಳದ ತುಂಬ ಜನ. ಬುನಫ್ಶಾ ಕೋಟಿಲ್ಲದೆ ನಿಂತಿದ್ದಳು. ಬಾಯಿ ಬಿಗಿಯಾಗಿ ಮುಚ್ಚಿತ್ತು.

ಅವಳು ಖೋಲ್‌ನಜರನ ಹೆಸರು ಹೇಳಿಬಿಟ್ಟಿದ್ದಳು. ಖೋಲ್‌ನಜರ್ ಗುಂಪಿನ ಮುಂದೆಯೇ ನಿಂತಿದ್ದ, ತಲೆಯ ಮೇಲೆ ಹೊಸ ಟೋಪಿ.

"ನಾನು ತುದಿ ತೆರೆದಿದ್ದನ್ನ ತಗೊಂಡೆ, ಸಕ್ಕರೆ ಇಟ್ಟು ವಾಪಸ್ ಕಳಿಸ್ದೆ" ಎಂದ. "ಮುಚ್ಚಿದೋರು ನಮ್ಮೋರಲ್ಲ. ಹೊಲಿಗೆ ನೋಡಿ ಸ್ವಾಮಿ. ನಮ್ಮನೆ ಹೆಂಗಸರಿಗೆ ಇಂಥದ್ದು ಬರೋದಾಗಿದ್ರೆ ನಾನ್ಯಾಕೆ ಹೊರಗೆ ಕೊಡ್ತಿದ್ದೆ?"

ಆಗ ನನಗೆ ಅರ್ಥವಾಯಿತು. ಖೋಲ್‌ನಜರನ ಮನೆಯ ಕತ್ತೆ ಹಲ್ಲು ಆ ರಜಾಯಿಗಳ ಮೇಲೆ ಇದ್ದಿದ್ದರೆ ಅದು ಅವನ ಬಾಗಿಲಿಗೆ ಕರೆದೊಯ್ಯುತ್ತಿತ್ತು. ಈಗ ಅದು ಇರಲಿಲ್ಲ. ಹಳ್ಳಿಯಲ್ಲಿ ಅತ್ಯಂತ ಒಳ್ಳೆಯ ಹೊಲಿಗೆ ಅವನನ್ನು ಉಳಿಸಿತ್ತು.

ಅಧಿಕಾರಿ ಬದಿಯಲ್ಲಿ ಸೀಳಿದ್ದ ಒಂದು ರಜಾಯಿಯನ್ನು ಜಗಲಿಯ ಮೇಲೆ ಹರಡಿ ಹೊಲಿದ ಅಂಚಿನ ಮೇಲೆ ಬೆರಳಿಟ್ಟ.

"ಬಾಯಿ ಮುಚ್ಚಿದೋರೇ ಒಳಗಿಟ್ಟೋರು. ಇದು ಯಾರ ಕೈ?"

ಬುನಫ್ಶಾ ಬಗ್ಗಿ ನೋಡಿದಳು. ಬದುಕಿನಲ್ಲಿ ಮೊದಲ ಸಲ ಅವಳು ಒಂದು ಹೊಲಿಗೆಯನ್ನು ಗಮನವಿಟ್ಟು ನೋಡಿದಳೆಂದು ನನ್ನ ನಂಬಿಕೆ. ಅವಳ ಮುಖ ಬೆಳ್ಳಗಾಯಿತು. ತಲೆ ಎತ್ತಿ ಅಂಗಳದ ಆಚೆ ಮಸ್ತೂರಾಳನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಗಿತ್ತು: ಇವಳು ಬಿಚ್ಚಿದ್ದಳು, ನೋಡಿದ್ದಳು, ಮುಚ್ಚಿದ್ದಳು, 'ಹಾಕಿಸ್ಕೋ' ಎಂದಿದ್ದಳು. ಅತ್ತೆಯ ಸೆರಗು ಹಿಡಿದು ಮೂರು ಮಕ್ಕಳು ನಿಂತಿದ್ದವು. ಚಿಕ್ಕದಕ್ಕೆ ನಾಲ್ಕು ವರ್ಷ.

"ನಂದೇ" ಎಂದಳು ಬುನಫ್ಶಾ. "ಎಲ್ಲಾ ನಂದೇ ಹೊಲಿಗೆ. ಮನೆಯೋರಿಗೆ ಯಾರಿಗೂ ಏನೂ ಗೊತ್ತಿಲ್ಲ. ನಮ್ಮ ಅಪಾ ಮಕ್ಕಳನ್ನ ನೋಡ್ಕೊಳ್ತಾಳೆ."

ಅದರಲ್ಲಿ ಔದಾರ್ಯಕ್ಕಿಂತ ಲೆಕ್ಕಾಚಾರ ಹೆಚ್ಚಿತ್ತು, ಮತ್ತು ಅದು ಸರಿಯಾದ ಲೆಕ್ಕಾಚಾರ. ತಾನು ಹೇಗೂ ಒಳಗೆ ಹೋಗುವವಳು. ಇವಳೊಬ್ಬಳು ಹೊರಗಿದ್ದರೆ ಮಕ್ಕಳಿಗೆ ರೊಟ್ಟಿ ಸಿಗುತ್ತದೆ. ಅತ್ತೆ ಮುದುಕಿ ಮಸ್ತೂರಾಳ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಮಸ್ತೂರಾ ನೆಲ ನೋಡುತ್ತಿದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಗುಂಪಿನಲ್ಲಿದ್ದ ನಲವತ್ತು ಹೆಂಗಸರಿಗೆ ಸತ್ಯ ಗೊತ್ತಿತ್ತು, ಒಬ್ಬಳೂ ಕೆಮ್ಮಲಿಲ್ಲ.

ಅಧಿಕಾರಿ ಬರೆದುಕೊಂಡ. ಪೆನ್ನು ಮುಚ್ಚುತ್ತ, ಕೆಟ್ಟ ಉದ್ದೇಶವೇನಿಲ್ಲದೆ, ಒಂದು ಮಾತು ಆಡಿದ.

"ನಮ್ಮಮ್ಮನೂ ರಜಾಯಿ ಹೊಲಿಯೋಳು. ಇಂಥ ಕೈ ನಾನು ನೋಡಿಲ್ಲ. ಇಷ್ಟು ಚೆಂದದ ಕೈ ಇಟ್ಕೊಂಡು ಈ ಕೆಲಸಕ್ಕೆ ಯಾಕಮ್ಮ ಇಳಿದೆ ನೀನು?"

"ಸುಳ್ಳು!"

ಮಸ್ತೂರಾ ತೋಳು ಕೊಸರಿಕೊಂಡು ಮುಂದೆ ಬಂದಿದ್ದಳು.

"ಅವಳ ಕೈಯಂತೆ! ಅವಳಿಗೆ ಗಂಟು ಹಾಕೋಕೂ ಬರಲ್ಲ. ಕೋಳಿ ಕೆರೆದ ಹಾಗೆ ಹೊಲೀತಾಳೆ. ಇದು ಗೋಧಿತೆನೆ ಸ್ವಾಮಿ, ಇದನ್ನ ಹಾಕೋರು ಈ ಹನ್ನೊಂದು ಹಳ್ಳೀಲಿ ನಾನೊಬ್ಬಳೇ!"

"ಬಾಯಿ ಮುಚ್ಚು ಅಪಾ" ಎಂದಳು ಬುನಫ್ಶಾ, ಹಲ್ಲು ಕಚ್ಚಿ. "ಮಕ್ಕಳು ನಿಂತಿದಾವೆ. ನೋಡು ಅವುಗಳ್ನ."

"ಮಕ್ಕಳು, ಗಂಡ, ಹಲ್ಲು, ಎಲ್ಲಾ ನಿಂದೇ. ಇದೂ ನಿಂದೇನಾ? ದಬ್ಬಣ ಕೊಡಿ ಅವಳಿಗೆ! ನಾಲ್ಕೇ ನಾಲ್ಕು ಎಳೆ ಹಾಕಿ ತೋರಿಸ್ಲಿ!"

ಅಧಿಕಾರಿ ನನ್ನತ್ತ ನೋಡಿದ. ನಾನು ಕನ್ನಡಕ ತೆಗೆದು ಒರೆಸಿದೆ. ಅವನು ದಬ್ಬಣ ತರಿಸಿದ. ಬುನಫ್ಶಾ ನಾಲ್ಕು ಎಳೆ ಹಾಕಿದಳು. ಎಂದಿನಂತೆ ಒಂದು ಉದ್ದ, ಒಂದು ಗಿಡ್ಡ. ಗುಂಪಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಮಸ್ತೂರಾ ದಬ್ಬಣ ಕಿತ್ತುಕೊಂಡು, ಜಗಲಿಯ ಮೇಲೆ ಮಂಡಿಯೂರಿ, ಒಂದು ಗೇಣು ಹೊಲಿದಳು. ಅಷ್ಟು ಜನ ಒಟ್ಟಿಗೆ ನಿಂತು ಅವಳ ಕೆಲಸವನ್ನು ನೋಡಿದ್ದು ಅದೇ ಮೊದಲು. ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಅಧಿಕಾರಿಯ ಮುಖ ನೋಡಿದಳು. ಅವಳ ಮುಖ ತೃಪ್ತಿಯಿಂದ ಹೊಳೆಯುತ್ತಿತ್ತು. ಆಮೇಲೆ ಅವಳಿಗೆ ತಾನು ಮಾಡಿದ್ದೇನೆಂದು ಗೊತ್ತಾಯಿತು.

ಸಂಗಿನ್ ಬೆಳ್ಳಿ ಹಿಡಿಯ ಊರುಗೋಲನ್ನು ಬಾವಿಗೆ ಎಸೆದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಬುನಫ್ಶಾಳಿಗೆ ಏಳು ವರ್ಷ ಶಿಕ್ಷೆ, ಮಸ್ತೂರಾಳಿಗೆ ಒಂಬತ್ತು. ಒಳಗಿಟ್ಟವಳು ಅವಳೇ ಎಂದು ತೀರ್ಮಾನವಾಯಿತು. ಹೊಲಿಗೆ ಅವಳದೇ, ಎಲ್ಲರೆದುರು ಅವಳೇ ಸಾಬೀತು ಮಾಡಿದ್ದಳು. ಖೋಲ್‌ನಜರ್ ಆ ಚಳಿಗಾಲಕ್ಕೆ ಮುಂಚೆ ಶಾಲೆಯ ಒಡೆದ ಕಿಟಕಿಗಳಿಗೆಲ್ಲ ಗಾಜು ಹಾಕಿಸಿಕೊಡುವುದಾಗಿ ಹೇಳಿದ. ಗಾಜು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ತರಗತಿಯಲ್ಲಿ ಮಕ್ಕಳ ಶಾಯಿ ಹೆಪ್ಪುಗಟ್ಟುತ್ತಿತ್ತು. ಹಾಕಿಸಿಕೊಂಡೆ. ಆ ಮಕ್ಕಳಲ್ಲಿ ಬುನಫ್ಶಾಳ ದೊಡ್ಡ ಮಗಳೂ ಇದ್ದಳು.

ಮೂರನೆಯ ವರ್ಷ ನಾನು ಹೆಂಗಸರ ಜೈಲಿಗೆ ಹೋಗಿ ಮಸ್ತೂರಾಳನ್ನು ಕಂಡೆ. ಒಣಗಿದ ಹಿಪ್ಪುನೇರಳೆ, ಒಣಮೊಸರಿನ ಉಂಡೆ ಕೊಟ್ಟೆ. ರಜಾಯಿ ಬಿಚ್ಚಿದ ಆ ಶುಕ್ರವಾರದ ಕತೆಯನ್ನೆಲ್ಲ ಅವಳು ಅಂದೇ ಹೇಳಿದ್ದು, ನಾನು ಕೇಳದೆಯೇ.

"ಈಗ ಊರಲ್ಲಿ ಮೊದಲ ಹೊಲಿಗೆ ಯಾರು ಹಾಕ್ತಾರೆ?" ಎಂದು ವಿಚಾರಿಸಿದಳು.

"ಗಿರಣಿಯವನ ಸೊಸೆ."

"ಕೈ ಹೇಗಿದೆ?"

"ಕತ್ತೆ ಹಲ್ಲು."

ಅವಳಿಗೆ ಸಮಾಧಾನವಾಯಿತು. ನಂತರ ದನಿ ತಗ್ಗಿಸಿದಳು. "ಅವಳೂ ಇಲ್ಲೇ ಹೊಲಿಗೆ ಕೋಣೇಲಿದಾಳೆ. ನನ್ನ ಪಕ್ಕದ ಜಾಗ. ಒಂದು ವರ್ಷ ನನ್ನ ಜೊತೆ ಮಾತಾಡ್ಲಿಲ್ಲ. ಬರೀ ಕೈ ನೋಡ್ತಿದ್ಲು. ಬೇರೆ ನೋಡೋಕೆ ಏನಿದೆ ಇಲ್ಲಿ? ಈಗ ಅವಳ ಕೆಲಸನ ಗೋಡೆಗೆ ತೂಗುಹಾಕಿದಾರೆ. ನಂದಲ್ಲ, ಅವಳದು. ಅತಿಥಿಗಳು ಬಂದ್ರೆ ಅದನ್ನೇ ತೋರಿಸ್ತಾರೆ. ಹೇಳಿ ಮುಅಲ್ಲಿಮಾ, ಇದು ನ್ಯಾಯನಾ?"

ಅಂಗಿಯ ತೋಳಿನೊಳಗಿಂದ ಎರಡು ತುಂಡು ಬಟ್ಟೆ ತೆಗೆದು ಮೇಜಿನ ಮೇಲೆ ಇಟ್ಟಳು. ಎರಡರ ಮೇಲೂ ಒಂದೊಂದು ಸಾಲು ಗೋಧಿತೆನೆ.

"ಒಂದು ನಂದು, ಒಂದು ಅವಳದು. ಯಾವುದು ಯಾರದು ಅಂತ ಹೇಳಲ್ಲ. ಯಾವುದು ಚೆಂದ ಇದೆ, ನೀವು ಹೇಳಿ."

ಕನ್ನಡಕ ಹಾಕಿಕೊಂಡು ನೋಡಿದೆ. ಮೂವತ್ತಾರು ವರ್ಷ ಮಕ್ಕಳ ಪರೀಕ್ಷೆ ತಿದ್ದಿದ್ದೇನೆ. ಕನಿಕರಕ್ಕೆ ಅಂಕ ಕೊಟ್ಟಿದ್ದಿಲ್ಲ. ಎಡಗಡೆಯದರ ಎಳೆ ಹೆಚ್ಚು ಸಮನಾಗಿತ್ತು, ಬಾಗು ಹೆಚ್ಚು ಮೃದುವಾಗಿತ್ತು. ಎಡಗಡೆಯದನ್ನು ತೋರಿಸಿದೆ.

ಅದು ಬುನಫ್ಶಾಳದು. ಕಾವಲಿನವಳು ಸಮಯವಾಯಿತೆಂದು ಬಾಗಿಲು ತಟ್ಟಿದಳು. ಮಸ್ತೂರಾ ಎದ್ದು, ಎರಡೂ ಬಟ್ಟೆಗಳನ್ನು ಮಡಚಿ, ಎಡಗಡೆಯದನ್ನು ಮತ್ತೊಮ್ಮೆ ಬಿಚ್ಚಿ ಬೆಳಕಿಗೆ ಹಿಡಿದಳು.

"ಕಲಿಸಿದೋಳು ನಾನು" ಎಂದಳು. "ಅದನ್ನ ಊರಲ್ಲಿ ಎಲ್ಲರಿಗೂ ಹೇಳಿ."